ಹಲಸಿನ ಕೊಂಬೆಯ ಹಸಿರು ಲಾಡಿ

(ಮಡಿಕೇರಿಯಲ್ಲಿ ನಿಸರ್ಗಾಸಕ್ತರ ಒಂದು ಸಣ್ಣ ಕೂಟದ ಮುಂದೆ ಮಾಡಿದ ಉಪನ್ಯಾಸವನ್ನು ಅಲ್ಲಲ್ಲಿ ತಿದ್ದಿ, ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿ ಸಿದ್ಧಪಡಿಸಿದ ಬರಹ ರೂಪ.)

ಮಾನ್ಯರೇ, ನನ್ನ ಕೈಯಲ್ಲಿರುವ ಈ ಎಲೆಯನ್ನು ಮುಂದಿನ ಸಾಲಿನವರಿಗೆ ಕೊಡುತ್ತಿದ್ದೇನೆ. ನನ್ನ ಮಾತು ಮುಗಿಯುವುದರೊಳಗೆ ಅದು ಕೈಯಿಂದ ಕೈಗೆ ಸಾಗಿ ಕೊನೆಯ ಸಾಲನ್ನು ಮುಟ್ಟಿ ಬರಲಿ. ಬೆಳಿಗ್ಗೆ ಅಳೆದಾಗ ಇದರ ಉದ್ದ 92 ಸೆಂಟಿಮೀಟರ್ ಇತ್ತು, ಅಗಲ 9 ಮಿಲಿಮೀಟರ್. ಅಂದರೆ ಅಗಲಕ್ಕಿಂತ ಉದ್ದ ನೂರು ಪಟ್ಟು ಹೆಚ್ಚು. ಇದಕ್ಕೆ ಕವಲಿಲ್ಲ, ಅಂಚಿನಲ್ಲಿ ಹಲ್ಲುಗಳಿಲ್ಲ, ಎದ್ದು ಕಾಣುವ ನರಗಳೂ ಇಲ್ಲ. ಹುಲ್ಲಿನ ಗರಿಯೆಂದು ಭಾವಿಸಿದವರಿದ್ದಾರೆ, ಸೀತಾಳೆ ದಂಡೆಯಂಥ ಯಾವುದೋ ಆರ್ಕಿಡ್ಡಿನ ಎಲೆಯೆಂದು ಭಾವಿಸಿದವರೂ ಇದ್ದಾರೆ. ಸಸ್ಯಶಾಸ್ತ್ರದ ಪಾಠ ಹೇಳುವುದನ್ನೇ ವೃತ್ತಿ ಮಾಡಿಕೊಂಡಿದ್ದ ನಾನು ಕೂಡ ಮೊದಲ ಐದಾರು ವರ್ಷ ಹಾಗೆಯೇ ಅಂದುಕೊಂಡು, ತಲೆ ಎತ್ತಿ ಸರಿಯಾಗಿ ನೋಡದೆ ಇದರ ಅಡಿಯಲ್ಲಿ ಓಡಾಡಿದ್ದೇನೆ. ಇದು ಹೂವಿಲ್ಲದ, ಬೀಜವಿಲ್ಲದ ಜರೀಗಿಡ. ಶಾಸ್ತ್ರೀಯ ಹೆಸರು ಹ್ಯಾಪ್ಲಾಪ್ಟೆರಿಸ್ ಎಲಾಂಗೇಟ.

ಕೊಡಗಿನಲ್ಲಿ ಜರೀಗಿಡವೆಂದರೆ ಮೊದಲು ನೆನಪಾಗುವುದು ಮಳೆಗಾಲದಲ್ಲಿ ತೋಡಿನ ಬದಿಯಿಂದ ಎಳೆಯ ಸುರುಳಿಗಳನ್ನು ಮುರಿದು ತಂದು ಪಲ್ಯ ಮಾಡುವ ತೆರ್ಮೆ ಸೊಪ್ಪು. ತಿನ್ನಲು ಬಾರದ ಉಳಿದವುಗಳಿಗೆಲ್ಲ ನಮ್ಮಲ್ಲಿ ಸಾಮಾನ್ಯವಾಗಿ ಒಂದೇ ಹೆಸರು, ಜರಿ. ಆದುದರಿಂದ ಈ ಮಾತಿನ ಮಟ್ಟಿಗೆ ನನ್ನ ಅನುಕೂಲಕ್ಕಾಗಿ ಇದನ್ನು ಲಾಡಿ ಜರಿ ಎಂದು ಕರೆಯುತ್ತೇನೆ. ಪಾಯಿಜಾಮಕ್ಕೂ ಲಂಗಕ್ಕೂ ಪೋಣಿಸುವ ಲಾಡಿಯನ್ನು ಕೊಂಬೆಯಿಂದ ಇಳಿಬಿಟ್ಟರೆ ಹೇಗೆ ಕಾಣುತ್ತದೆಯೋ ಈ ಗಿಡ ಹಾಗೆಯೇ ಕಾಣುತ್ತದೆ. ಒಂದು ಕಡೆ ಹತ್ತಿಪ್ಪತ್ತು ಎಲೆಗಳು ಒತ್ತಾಗಿ ಜೋತು, ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಒಂದೇ ದಿಕ್ಕಿಗೆ ತೂಗುತ್ತವೆ.

ನಾನು ಇಂದು ಹೇಳಬೇಕೆಂದಿರುವ ಸಂಗತಿ ಈ ಎಲೆಯ ಸರಳತೆಗೆ ಸಂಬಂಧಿಸಿದ್ದು. ಏನೂ ಇಲ್ಲದ ಎಲೆಯನ್ನು ಕಂಡಾಗ ಇದು ತೀರ ಹಳೆಯ ಕಾಲದ, ಇನ್ನೂ ಬೆಳವಣಿಗೆಯಾಗದ ರೂಪವಿರಬೇಕೆಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ ಇದರ ಅತಿ ಹತ್ತಿರದ ಬಂಧು ಹಂಸಪಾದಿಯ ಕುಲವಾದ ಅಡಿಯಾಂಟಮ್. ಕಪ್ಪು ತಂತಿಯಂಥ ಹೊಳೆಯುವ ತೊಟ್ಟು, ಅದರ ಇಕ್ಕೆಲದಲ್ಲಿ ಬೀಸಣಿಗೆಯಂಥ ಕಿರುಎಲೆಗಳು, ಹಲವು ಜಾತಿಗಳಲ್ಲಿ ಮತ್ತೆ ಮತ್ತೆ ಕವಲೊಡೆದ ಗರಿ ಇರುವ ಆ ಕುಲವನ್ನು ಬಾವಿಕಟ್ಟೆಯ ಕಲ್ಲುಸಂದಿನಲ್ಲಿ ನೀವೆಲ್ಲ ನೋಡಿದ್ದೀರಿ. ಅಂಥ ಸಿಂಗಾರದ ಮನೆತನದಲ್ಲಿ ಹುಟ್ಟಿದ ಒಂದು ಶಾಖೆ ನೆಲವನ್ನು ಬಿಟ್ಟು ಮರವನ್ನು ಹತ್ತಿದ ಮೇಲೆ ಒಂದೊಂದೇ ಒಡವೆಯನ್ನು ಕಳಚಿಟ್ಟು ಈ ರೂಪಕ್ಕೆ ಬಂದಿದೆ. ಹಾಗೆ ಕಳಚಿಕೊಂಡದ್ದರಿಂದಲೇ ಇದು ಸಸ್ಯಶಾಸ್ತ್ರಜ್ಞರನ್ನು ಸುಮಾರು ಇನ್ನೂರು ವರ್ಷ ದಾರಿ ತಪ್ಪಿಸಿತು.

ಆ ಕಥೆಯನ್ನು ಹೇಳುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ತೋಟಗಳಲ್ಲಿ ಮರದ ಮೇಲೆ ಬೆಳೆದ ಎಲ್ಲ ಗಿಡಗಳನ್ನೂ ಬಂದಳಿಕೆ ಎಂದೇ ಕರೆದು ಕಿತ್ತೆಸೆಯುವ ರೂಢಿಯಿದೆ. ಬಂದಳಿಕೆ ತನ್ನ ಬೇರನ್ನು ಕೊಂಬೆಯ ಒಳಕ್ಕೆ ಇಳಿಸಿ ಮರದ ನೀರನ್ನೂ ಲವಣವನ್ನೂ ಹೀರುತ್ತದೆ. ಲಾಡಿ ಜರಿಯಾದರೋ ಬರಿಯ ಅಪ್ಪುಗಿಡ. ತೊಗಟೆಯ ಮೇಲಷ್ಟೇ ಕುಳಿತಿರುತ್ತದೆ. ಅದು ಕುಡಿಯುವುದು ಮಳೆಯ ನೀರನ್ನು, ಮಂಜಿನ ಹನಿಯನ್ನು, ಕಾಂಡದ ಮೇಲಿಂದ ಇಳಿದು ಬರುವ ತೇವವನ್ನು. ಉಣ್ಣುವುದು ಕೊಂಬೆಯ ಸಂದಿಯಲ್ಲಿ ಕೊಳೆತ ಎಲೆ ಮತ್ತು ಪಾಚಿಯಲ್ಲಿ ಸಿಕ್ಕಿದ ಧೂಳಿನಿಂದ ದೊರೆಯುವ ಲವಣವನ್ನು. ಮರಕ್ಕೆ ಇದರಿಂದ ಆಗುವ ನಷ್ಟ ಏನೂ ಇಲ್ಲ. ಭಾರತ, ಶ್ರೀಲಂಕಾಗಳಿಂದ ಹಿಡಿದು ಆಗ್ನೇಯ ಏಷ್ಯಾವನ್ನು ದಾಟಿ ಆಸ್ಟ್ರೇಲಿಯಾದ ಈಶಾನ್ಯ ಭಾಗದ ಮಳೆಕಾಡುಗಳವರೆಗೆ, ಅಲ್ಲಿಂದಾಚೆ ಪೆಸಿಫಿಕ್ ದ್ವೀಪಗಳವರೆಗೆ ಈ ಜಾತಿ ಹರಡಿದೆ. ಪಶ್ಚಿಮಘಟ್ಟದಲ್ಲಿ ನೆರಳೂ ತೇವವೂ ತಪ್ಪದ ಕಾಡುಗಳಲ್ಲಿ, ಹಳೆಯ ಮರಗಳನ್ನು ಉಳಿಸಿಕೊಂಡ ಕಾಫಿ ತೋಟಗಳಲ್ಲಿ ಇದನ್ನು ಹುಡುಕಬೇಕು.

ಇನ್ನು ಹೆಸರಿನ ಕಥೆ. ಅಮೆರಿಕದ ಉಷ್ಣವಲಯದಲ್ಲಿ ಬೆಳೆಯುವ ಇಂಥದೇ ಒಂದು ಲಾಡಿಯಂಥ ಜರಿಗೆ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಟೆರಿಸ್ ಲಿನಿಯೇಟ ಎಂದು ಹೆಸರಿಟ್ಟ. ಬೀಜಕಗಳು, ಅಂದರೆ ಬೀಜದ ಬದಲಿಗೆ ಜರಿಗಳು ಉದುರಿಸುವ ಧೂಳಿನಂಥ ಕಣಗಳು, ಎಲೆಯ ಅಂಚಿನಲ್ಲಿ ಹುಟ್ಟುವ ಜರಿಗಳನ್ನು ಟೆರಿಸ್ ಕುಲಕ್ಕೆ ಸೇರಿಸುವುದು ಆಗಿನ ಕ್ರಮವಾಗಿತ್ತು. ಲಿನೇಯಸ್ ತೀರಿಕೊಂಡ ಮೇಲೆ ಅವನ ಒಣಸಸ್ಯಗಳ ಸಂಗ್ರಹವನ್ನು 1784ರಲ್ಲಿ ಕೊಂಡುಕೊಂಡ ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್ ಈ ಗಿಡವನ್ನು ಬೇರೆಯದೇ ಕುಲವೆಂದು ಗುರುತಿಸಿ 1793ರಲ್ಲಿ ವಿಟ್ಟೇರಿಯ ಎಂಬ ಹೆಸರನ್ನು ಕೊಟ್ಟ. ಲ್ಯಾಟಿನ್ನಿನಲ್ಲಿ ವಿಟ್ಟ ಎಂದರೆ ತಲೆಗೆ ಕಟ್ಟುವ ಪಟ್ಟಿ. ಅವನ ಕಣ್ಣಿಗೂ ಇದು ಲಾಡಿಯಾಗಿಯೇ ಕಂಡಿತ್ತೆಂದಾಯಿತು. ಸ್ವೀಡನ್ನಿನ ಓಲೊಫ್ ಸ್ವಾರ್ಟ್ಸ್ 1806ರಲ್ಲಿ ನಮ್ಮ ಜಾತಿಯನ್ನು ವಿಟ್ಟೇರಿಯ ಎಲಾಂಗೇಟ ಎಂದು ವರ್ಣಿಸಿದ. ಅಲ್ಲಿಂದ ಮುಂದೆ ಅಮೆರಿಕದ್ದಾಗಲಿ ಆಫ್ರಿಕದ್ದಾಗಲಿ ಏಷ್ಯಾದ್ದಾಗಲಿ, ಲಾಡಿಯಂತೆ ಜೋತಾಡುವ, ಬೀಜಕಗಳ ಉದ್ದನೆಯ ಗೆರೆಯುಳ್ಳ ಜರಿಗಳೆಲ್ಲ ವಿಟ್ಟೇರಿಯದ ಬುಟ್ಟಿಗೆ ಬಿದ್ದವು. 1836ರಲ್ಲಿ ಪ್ರಾಗ್ ನಗರದ ಕಾರೆಲ್ ಪ್ರೆಸ್ಲ್ ಹ್ಯಾಪ್ಲಾಪ್ಟೆರಿಸ್ ಎಂಬ ಬೇರೊಂದು ಕುಲವನ್ನು ಸೂಚಿಸಿದ್ದರೂ ಅದು ಒಂದೂವರೆ ಶತಮಾನ ಮೂಲೆಯಲ್ಲಿ ಬಿದ್ದಿತ್ತು.

ನಮ್ಮ ಭಾಗದ ಜರಿಗಳನ್ನು ಕ್ರಮವಾಗಿ ಚಿತ್ರಿಸಿ ವರ್ಣಿಸಿದ ರಿಚರ್ಡ್ ಹೆನ್ರಿ ಬೆಡ್ಡೋಮ್‌ನನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ. ಅವನು 1848ರಲ್ಲಿ ಸೈನಿಕನಾಗಿ ಭಾರತಕ್ಕೆ ಬಂದು, ಮುಂದೆ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಯಾಗಿ, ಅಂದು ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಘಟ್ಟಗಳನ್ನೂ ಸುತ್ತಿದವನು. ಕಪ್ಪೆ, ಹಾವು, ಬಸವನಹುಳುಗಳ ಹೆಸರಿನಲ್ಲೂ ಅವನ ಹೆಸರು ಸೇರಿಕೊಂಡಿದೆ. 1860ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ಜರಿಗಳ ಮೇಲೆ ಚಿತ್ರಸಂಪುಟವನ್ನೂ, 1883ರಲ್ಲಿ ಇಡೀ ಬ್ರಿಟಿಷ್ ಇಂಡಿಯಾ, ಸಿಲೋನು ಮತ್ತು ಮಲಯ ಪರ್ಯಾಯದ್ವೀಪಕ್ಕೆ ಅನ್ವಯಿಸುವ ಕೈಪಿಡಿಯನ್ನೂ ಅವನು ಪ್ರಕಟಿಸಿದ. ಹೆಸರುಗಳು ಎಷ್ಟೇ ಬದಲಾಗಿದ್ದರೂ ಆ ಕೈಪಿಡಿಯನ್ನು ನಾನು ಇಂದಿಗೂ ತೆಗೆದು ನೋಡುತ್ತೇನೆ. ಹೊಸ ಹೆಸರುಗಳ ಪಟ್ಟಿ ಯಾರ ಬಳಿಯಲ್ಲಾದರೂ ಸಿಗುತ್ತದೆ, ಮರದ ಕೆಳಗೆ ನಿಂತು ಗಿಡವನ್ನು ನೋಡಿದವನ ಕಣ್ಣು ಸಿಗುವುದು ಅಪರೂಪ.

ವಿಟ್ಟೇರಿಯದ ಬುಟ್ಟಿ ಚೆಲ್ಲಿದ್ದು 1995ರಲ್ಲಿ. ಅಮೆರಿಕದ ಎಡ್ಮಂಡ್ ಕ್ರೇನ್, ಡೊನಾಲ್ಡ್ ಫರಾರ್, ಜೊನಾಥನ್ ವೆಂಡೆಲ್ ಎಂಬ ಮೂವರು ಈ ಗುಂಪಿನ ಜರಿಗಳ ಹರಿತ್ತುಕಣದೊಳಗಿನ ಒಂದು ಜೀನನ್ನು ಓದಿ ಹೋಲಿಸಿದಾಗ, ವಿಟ್ಟೇರಿಯವೆಂದು ಕರೆಸಿಕೊಳ್ಳುತ್ತಿದ್ದವು ಒಂದೇ ತಾಯಿಯ ಮಕ್ಕಳಲ್ಲವೆಂಬುದು ತಿಳಿದುಬಂತು. ಲಾಡಿಯ ರೂಪ ಒಮ್ಮೆ ಹುಟ್ಟಿ ಹರಡಿದ್ದಾಗಿರಲಿಲ್ಲ. ಬೇರೆ ಬೇರೆ ಶಾಖೆಗಳು ತಂತಮ್ಮ ಪಾಡಿಗೆ ಎಲೆಯನ್ನು ಸರಳಗೊಳಿಸುತ್ತ ಬಂದು ಕೊನೆಗೆ ಒಂದೇ ಆಕಾರವನ್ನು ತಲುಪಿದ್ದವು. ಅವುಗಳಿಗೆ ಸಮಾನವಾದದ್ದು ಇದ್ದ ಲಕ್ಷಣವಾಗಿರದೆ ಕಳೆದುಹೋದ ಲಕ್ಷಣವಾಗಿತ್ತು. ಇಬ್ಬರು ತಲೆ ಬೋಳಿಸಿಕೊಂಡ ಮಾತ್ರಕ್ಕೆ ಅಣ್ಣತಮ್ಮಂದಿರಾಗುವುದಿಲ್ಲವಷ್ಟೆ. ಕ್ರೇನ್ 1997ರಲ್ಲಿ ಇಡೀ ಗುಂಪನ್ನು ಹೊಸದಾಗಿ ಹಂಚಿದಾಗ ವಿಟ್ಟೇರಿಯ ಎಂಬ ಹೆಸರು ಬಹುಮಟ್ಟಿಗೆ ಅಮೆರಿಕದ ಕೆಲವೇ ಜಾತಿಗಳಿಗೆ ಉಳಿಯಿತು. ಏಷ್ಯಾದ ಜಾತಿಗಳು ಪ್ರೆಸ್ಲ್ ಕೊಟ್ಟಿದ್ದ ಹಳೆಯ ಹೆಸರಿನಡಿಗೆ ಬಂದು ನಮ್ಮ ಗಿಡ ಹ್ಯಾಪ್ಲಾಪ್ಟೆರಿಸ್ ಎಲಾಂಗೇಟ ಆಯಿತು. ಹ್ಯಾಪ್ಲಾಪ್ಟೆರಿಸ್ ಎಂದರೆ ಸರಳವಾದ ಜರಿ ಎಂದೇ ಅರ್ಥ. 2016ರಲ್ಲಿ ಜಗತ್ತಿನ ಜರಿತಜ್ಞರು ಒಟ್ಟಾಗಿ ಪ್ರಕಟಿಸಿದ ವರ್ಗೀಕರಣದಲ್ಲಿ ಇವೆಲ್ಲವೂ ಅಡಿಯಾಂಟಮ್ ಜೊತೆಗೆ ಟೆರಿಡೇಸಿ ಕುಟುಂಬದ ಒಂದು ಉಪಕುಟುಂಬವಾಗಿವೆ. ಲಿನೇಯಸ್ ಹೇಳಿದ ಟೆರಿಸ್ ಕುಲವೂ ಅದೇ ಕುಟುಂಬದಲ್ಲಿದೆ ಎನ್ನುವುದನ್ನು ನೋಡಿದರೆ ಆ ಮುದುಕ ಪೂರ್ತಿ ತಪ್ಪಿರಲಿಲ್ಲ.

ಎಲೆ ಈಗ ಮೂರನೆಯ ಸಾಲಿನಲ್ಲಿದೆ ಎಂದು ಕಾಣುತ್ತದೆ. ಕೈಗೆ ಬಂದವರು ದಯವಿಟ್ಟು ಅದರ ಅಂಚನ್ನು ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಅಂಚು ಬ್ಲೇಡಿನಂತೆ ತೆಳ್ಳಗಿಲ್ಲ. ಅದು ಎರಡು ತುಟಿಗಳಾಗಿ ಸೀಳಿದೆ, ನಡುವೆ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇದೆ. ಸಾಮಾನ್ಯ ಜರಿಯ ಎಲೆಯನ್ನು ಮಗುಚಿದರೆ ಬೆನ್ನಿನ ಮೇಲೆ ಕಂದು ಚುಕ್ಕೆಗಳು ಕಾಣುತ್ತವೆ. ಇದರ ಬೆನ್ನಿನ ಮೇಲೆ ಎಷ್ಟು ಹುಡುಕಿದರೂ ಒಂದು ಚುಕ್ಕೆಯೂ ಸಿಗುವುದಿಲ್ಲ, ಏಕೆಂದರೆ ಬೀಜಕಕೋಶಗಳೆಲ್ಲ ಆ ಕಾಲುವೆಯೊಳಗೆ ಅಡಗಿ ಕುಳಿತಿವೆ. ಟೆರಿಸ್ ಕುಲದಲ್ಲಿ ಎಲೆಯ ಅಂಚೇ ಸೀರೆಯ ಅಂಚಿನಂತೆ ಒಳಕ್ಕೆ ಮಡಚಿಕೊಂಡು ಬೀಜಕಕೋಶಗಳನ್ನು ಮುಚ್ಚುತ್ತದೆ. ಇಲ್ಲಿ ಮಡಿಕೆಯಿಲ್ಲ, ಎಲೆಯ ದಪ್ಪದೊಳಗೇ ಕೊರೆದ ತೋಡಿದೆ. ಆ ತೋಡಿನೊಳಗೆ ಬೀಜಕಕೋಶಗಳ ನಡುನಡುವೆ, ತುದಿಯ ಜೀವಕೋಶ ಆಲಿಕೆಯಂತೆ ಅಗಲವಾದ ಕೂದಲುಗಳು ಒತ್ತಾಗಿ ನಿಂತು, ಎಳೆಯ ಕೋಶಗಳು ಒಣಗದಂತೆ ಕಾಯುತ್ತವೆ.

ಬೀಜಕ ಹೊರಬೀಳುವ ಬಗೆಯನ್ನು ಕೊಂಚ ವಿವರವಾಗಿ ಹೇಳುತ್ತೇನೆ. ಬೀಜಕಕೋಶವೆನ್ನುವುದು ಸಾಸಿವೆಗಿಂತಲೂ ಎಷ್ಟೋ ಪಾಲು ಚಿಕ್ಕದಾದ ಒಂದು ಡಬ್ಬಿ. ಇಂಥ ಜರಿಗಳಲ್ಲಿ ಸಾಮಾನ್ಯವಾಗಿ ಒಂದೊಂದರಲ್ಲಿ 64 ಬೀಜಕಗಳಿರುತ್ತವೆ. ಡಬ್ಬಿಯ ಬೆನ್ನಿನ ಮೇಲೆ ಬೆನ್ನುಮೂಳೆಯಂತೆ ಜೀವಕೋಶಗಳ ಒಂದು ಸಾಲಿದೆ. ಈ ಕೋಶಗಳ ಒಳಗೋಡೆಯೂ ಪಕ್ಕದ ಗೋಡೆಗಳೂ ದಪ್ಪ, ಹೊರಗಿನ ಗೋಡೆ ಮಾತ್ರ ತೆಳು. ಮಳೆ ಬಿಟ್ಟು ಬಿಸಿಲು ಬಂದಾಗ ಕೋಶದೊಳಗಿನ ನೀರು ತೆಳುಗೋಡೆಯ ಮೂಲಕ ಆವಿಯಾಗುತ್ತದೆ. ಉಳಿದ ನೀರು ಆ ಗೋಡೆಯನ್ನು ಒಳಕ್ಕೆ ಸೆಳೆದು, ಸಾಲು ಹಿಂದಕ್ಕೆ ಬಾಗಿ, ಡಬ್ಬಿ ಒಡೆದು ಬಾಯಿ ತೆರೆಯುತ್ತದೆ. ನೀರಿನ ಸೆಳೆತ ತಾಳಲಾರದ ಮಟ್ಟಕ್ಕೆ ಹೋದಾಗ ಕೋಶಗಳೊಳಗೆ ಒಮ್ಮೆಲೇ ಗುಳ್ಳೆ ಎದ್ದು ಹಿಡಿತ ತಪ್ಪುತ್ತದೆ, ಬಾಗಿದ ಸಾಲು ಕವಣೆಯಂತೆ ಸರಕ್ಕನೆ ಮುಂದಕ್ಕೆ ಬಂದು ಬೀಜಕಗಳನ್ನು ಹೊರಕ್ಕೆ ಎಸೆಯುತ್ತದೆ. ಮನುಷ್ಯ ಮಾಡುವ ಕವಣೆಗೆ ತೋಳನ್ನು ನಡುದಾರಿಯಲ್ಲಿ ತಡೆಯಲು ಒಂದು ಅಡ್ಡಪಟ್ಟಿ ಬೇಕು. ಇಲ್ಲಿ ಅಂಥದ್ದು ಇಲ್ಲ, ಗೋಡೆಯ ಸಂದುಗಳಲ್ಲಿ ಹರಿಯುವ ನೀರಿನ ನಿಧಾನವೇ ತೋಳನ್ನು ಅರ್ಧದಲ್ಲಿ ತಡೆಯುತ್ತದೆ ಎಂದು 2012ರಲ್ಲಿ ಫ್ರಾನ್ಸಿನ ಸಂಶೋಧಕರನ್ನೊಳಗೊಂಡ ತಂಡವೊಂದು ತೋರಿಸಿತು. ಒಣಗಿದ ಎಲೆಯ ತುಂಡನ್ನು ಬಿಳಿ ಹಾಳೆಯ ಮೇಲೆ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಎಲೆಯ ಎರಡೂ ಬದಿಗೆ ಸೀಮೆಸುಣ್ಣದಲ್ಲಿ ಎಳೆದಂಥ ಎರಡು ಮಾಸಲು ಗೆರೆಗಳು ಬಿದ್ದಿರುತ್ತವೆ.

ಇನ್ನು ಬುಡ. ಎಲೆಗಳು ಹೊರಡುವ ಕಡೆ ತೊಗಟೆಗೆ ಅಂಟಿಕೊಂಡು ತೆವಳುವ ಒಂದು ಗಿಡ್ಡ ಬೇರುಕಾಂಡವಿದೆ. ಅದನ್ನು ಮುಚ್ಚಿರುವ ಕಂದು ಹೊಟ್ಟನ್ನು ಸೂಜಿಯ ತುದಿಯಿಂದ ಒಂದೇ ಒಂದು ಎಬ್ಬಿಸಿ, ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಬೇಲೂರಿನ ದೇವಾಲಯದ ಜಾಲಂದ್ರಗಳನ್ನು ನೋಡಿದವರಿಗೆ ತಟ್ಟನೆ ಅದೇ ನೆನಪಾಗುತ್ತದೆ: ಜೀವಕೋಶಗಳ ಪಕ್ಕದ ಗೋಡೆಗಳು ದಪ್ಪಗೆ ಕಪ್ಪಗೆ ಚೌಕಟ್ಟಿನಂತಿದ್ದು, ನಡುವಿನ ಜಾಗ ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಬೇರುಗಳ ಮೇಲೆ ಹೊಂಬಣ್ಣದ ರೋಮ ಎಷ್ಟು ದಟ್ಟವಾಗಿದೆಯೆಂದರೆ ಅವೆಲ್ಲ ಸೇರಿ ಒಂದು ಸ್ಪಂಜಿನ ಮುದ್ದೆಯಾಗುತ್ತದೆ. ಮಳೆ ನಿಂತು ಎರಡು ದಿನವಾದ ಮೇಲೆ ಆ ಮುದ್ದೆಯನ್ನು ಬೆರಳುಗಳ ನಡುವೆ ಹಿಂಡಿದರೆ ಅಂಗೈ ಒದ್ದೆಯಾಗುತ್ತದೆ. ಎಲೆಯಲ್ಲಿ ಕಳೆದುಕೊಂಡ ಆಡಂಬರಕ್ಕೆ ಪ್ರತಿಯಾಗಿ ಈ ಗಿಡ ಬುಡದಲ್ಲಿ ಇಷ್ಟೊಂದು ಬಂಡವಾಳ ಹೂಡಿದೆ.

ಎಲೆಯ ಒಳಗೂ ಹೀಗೆಯೇ. ನೆಟ್ಟಗೆ ನಿಲ್ಲಬೇಕಾದ ಎಲೆಗೆ ಬಾಗದಂತೆ ತಡೆಯುವ ನಾರು ಬೇಕು, ಗಟ್ಟಿಯಾದ ತೊಟ್ಟು ಬೇಕು. ಇಳಿಬಿದ್ದ ಎಲೆಗೆ ತನ್ನ ತೂಕವನ್ನು ತಾನು ತಾಳಿಕೊಂಡರೆ ಸಾಕು, ಹಗ್ಗಕ್ಕೆ ಕಂಬದ ಬಿಗಿ ಬೇಕಾಗಿಲ್ಲ. ಲಾಡಿ ಜರಿಯ ಎಲೆಯಲ್ಲಿ ಗಟ್ಟಿನಾರಿನ ಕಟ್ಟುಗಳು ಇಲ್ಲದಿರುವುದಕ್ಕೆ ಕಾರಣ ಇದೇ ಇರಬೇಕೆಂಬುದು ನನ್ನ ತರ್ಕ. ಬದಲಿಗೆ ಎಲೆಯ ಹೊರಪದರದಲ್ಲಿ ಸೂಜಿಯಂತೆ ಉದ್ದವಾದ, ಗೋಡೆ ದಪ್ಪವಾದ ವಿಶೇಷ ಜೀವಕೋಶಗಳು ಉದ್ದುದ್ದಕ್ಕೆ ಮಲಗಿವೆ. ಒಣಗಿದ ಎಲೆಯನ್ನು ಓರೆಬೆಳಕಿನಲ್ಲಿ ನೋಡಿದರೆ ಅವು ನವಿರಾದ ಗೀರುಗಳಂತೆ ಕಾಣುತ್ತವೆ. ಈ ಇಡೀ ಗುಂಪಿನ ಕುಲಚಿಹ್ನೆ ಅದೇ. ಎಲೆ ಕಿರಿದಾಗಿ ಜೋತುಬೀಳುವುದರಿಂದ ಇನ್ನೊಂದು ಲಾಭವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಘಟ್ಟದ ಮಳೆಯಲ್ಲಿ ನೀರು ಎಲೆಯ ಮೇಲೆ ನಿಲ್ಲದೆ ತುದಿಯಿಂದ ತೊಟ್ಟಿಕ್ಕಿಹೋಗುತ್ತದೆ.

ರೂಪ ಇಷ್ಟು ಸರಳವಾಗಿದ್ದರೂ ಜೀನುಗಳ ಮಟ್ಟದಲ್ಲಿ ಈ ಗುಂಪು ಸುಮ್ಮನೆ ಕುಳಿತಿಲ್ಲ. ನೆಂಟನಾದ ಅಡಿಯಾಂಟಮ್‌ಗೆ ಹೋಲಿಸಿದರೆ ಇವುಗಳ ಜೀನುಗಳಲ್ಲಿ ಬದಲಾವಣೆಯ ವೇಗ ಗಮನಾರ್ಹವಾಗಿ ಹೆಚ್ಚೆಂದು 2014ರಲ್ಲಿ ಕಾರ್ಲ್ ರಾಥ್‌ಫೆಲ್ಸ್ ಮತ್ತು ಎರಿಕ್ ಶೂಟ್‌ಪೆಲ್ಸ್ ತೋರಿಸಿಕೊಟ್ಟರು. ಜರಿಗಳನ್ನು ಡೈನೊಸಾರ್ ಕಾಲದ ಪಳೆಯುಳಿಕೆಗಳೆಂದು ಬಣ್ಣಿಸುವವರು ಇದನ್ನು ಗಮನಿಸಬೇಕು. ಮರದ ಮೇಲೆ ಬದುಕುವ ಜರಿಗಳ ಬಹುಪಾಲು ವೈವಿಧ್ಯ ಹುಟ್ಟಿದ್ದು ಡೈನೊಸಾರ್‌ಗಳು ಅಳಿದ ಮೇಲೆ, ಅಂದರೆ ಕಳೆದ ಆರೂವರೆ ಕೋಟಿ ವರ್ಷಗಳಲ್ಲಿ. ಹೂಬಿಡುವ ಮರಗಳ ಮಳೆಕಾಡು ಕೊಂಬೆಗಳನ್ನು ಚಾಚಿ ಜಾಗ ಮಾಡಿಕೊಟ್ಟ ಮೇಲೆ. ಹಲಸಿನ ಮರವಿಲ್ಲದೆ ಹಲಸಿನ ಕೊಂಬೆಯ ಜರಿ ಎಲ್ಲಿಂದ ಬರಬೇಕು?

ಇದುವರೆಗೆ ನಾನು ಹೇಳಿದ್ದು ಗಿಡದ ಅರ್ಧ ಬಾಳುವೆ. ಗಾಳಿಗೆ ತೂರಿದ ಬೀಜಕ ಒದ್ದೆ ತೊಗಟೆಯ ಮೇಲೆ ಬಿದ್ದು ಮೊಳೆತರೆ ಅದರಿಂದ ನೇರವಾಗಿ ಲಾಡಿ ಹುಟ್ಟುವುದಿಲ್ಲ. ಮೊದಲು ಹುಟ್ಟುವುದು ಗ್ಯಾಮಿಟೋಫೈಟ್ ಎಂಬ, ಅಂಡವನ್ನೂ ವೀರ್ಯಾಣುವನ್ನೂ ಕೊಡುವ ಒಂದು ಪುಟ್ಟ ಸ್ವತಂತ್ರ ಸಸ್ಯ. ಶಾಲೆಯ ಪುಸ್ತಕದಲ್ಲಿ ಅದನ್ನು ಹೃದಯದ ಆಕಾರದ ಹಸಿರು ಬಿಲ್ಲೆಯೆಂದು ಬರೆದಿರುತ್ತಾರೆ. ಅದು ಕೆಲವು ವಾರಗಳು, ಹೆಚ್ಚೆಂದರೆ ಕೆಲವು ತಿಂಗಳು ಬಾಳುತ್ತದೆ. ಲಾಡಿ ಜರಿಯ ಬಳಗದಲ್ಲಿ ಅದಕ್ಕೂ ಪಟ್ಟಿಯದೇ ಆಕಾರ. ಅದು ಕವಲೊಡೆಯುತ್ತ ಪಾಚಿಯಂತೆ ಹರಡಿ ವರ್ಷಗಟ್ಟಲೆ ಬದುಕಬಲ್ಲುದು. ಅದರ ಅಂಚಿನಲ್ಲಿ ಕೆಲವೇ ಜೀವಕೋಶಗಳ ಸಣ್ಣ ಕಡ್ಡಿಗಳು ಹುಟ್ಟಿ, ಕಳಚಿ ಬಿದ್ದು, ಬಿದ್ದಲ್ಲಿ ಮತ್ತೆ ಬೆಳೆಯುತ್ತವೆ.

ಈ ಬುದ್ಧಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನಿದರ್ಶನ ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಗಳಲ್ಲಿದೆ. ಅಲ್ಲಿಯ ಮರಳುಗಲ್ಲಿನ ಬಂಡೆಗಳ ಕತ್ತಲ ಪೊಟರೆಗಳಲ್ಲಿ, ದಕ್ಷಿಣದ ಅಲಬಾಮದಿಂದ ಉತ್ತರದ ನ್ಯೂಯಾರ್ಕ್ ರಾಜ್ಯದವರೆಗೆ, ವಿಟ್ಟೇರಿಯದ ಗ್ಯಾಮಿಟೋಫೈಟ್‌ಗಳು ಹಸಿರು ಚಾಪೆಯಂತೆ ಹಬ್ಬಿವೆ. ಆದರೆ ಲಾಡಿ ಎಲೆಯುಳ್ಳ ಪೂರ್ಣ ಗಿಡ ಅಲ್ಲಿ ಎಲ್ಲಿಯೂ ಇಲ್ಲ. ಫರಾರ್ ಮತ್ತು ಜಾನ್ ಮಿಕೆಲ್ 1991ರಲ್ಲಿ ಇದನ್ನು ವಿಟ್ಟೇರಿಯ ಅಪಲೇಚಿಯಾನ ಎಂಬ ಪ್ರತ್ಯೇಕ ಜಾತಿಯೆಂದು ವರ್ಣಿಸಿದರು. ಎಲೆಯಿಲ್ಲ, ಬೀಜಕವಿಲ್ಲ, ಬರಿಯ ಕಡ್ಡಿಗಳ ಬಲದಿಂದ ಸಾವಿರಾರು ವರ್ಷ ಬಾಳಿರುವ ಜರಿ! ಕೊನೆಯ ಹಿಮಯುಗದ ನೀರ್ಗಲ್ಲು ಎಲ್ಲಿಯವರೆಗೆ ಹರಡಿತ್ತೋ ಅದರಿಂದಾಚೆಯ ಬಂಡೆಗಳಲ್ಲಿ ಇದು ಕಾಣಸಿಗುವುದಿಲ್ಲ. ಬೀಜಕವಾಗಿದ್ದರೆ ಹಿಮ ಕರಗಿದ ಮೇಲೆ ಗಾಳಿಯಲ್ಲಿ ಹಾರಿ ಉತ್ತರಕ್ಕೆ ಹೋಗುತ್ತಿತ್ತು. ಕಡ್ಡಿಗೆ ಅಷ್ಟು ದೂರ ಹಾರುವ ಶಕ್ತಿಯಿಲ್ಲ. ಹಾಗಾಗಿ ಹಿಮಯುಗ ಮುಗಿಯುವ ಮೊದಲೇ ಅದು ಎಲೆಯನ್ನು ಕಳೆದುಕೊಂಡಿತ್ತೆಂಬುದು ಸಂಶೋಧಕರ ಊಹೆ. ಕಳಚುತ್ತ ಹೋಗುವ ಈ ಮನೆತನದಲ್ಲಿ ಕಟ್ಟಕಡೆಗೆ ಎಲೆಯನ್ನೇ ಕಳಚಿಟ್ಟ ಸದಸ್ಯ ಅದು.

ಮರಳಿ ನಮ್ಮ ತೋಟಕ್ಕೆ ಬರೋಣ. ಹುಡುಕಲು ಹೊರಟವರಿಗೆ ಅಡ್ಡ ಬರುವ ಗಿಡ ಲೆಪಿಸೋರಸ್ ಎಂಬ ಇನ್ನೊಂದು ಜರಿ; ಅದಕ್ಕೂ ಕಿರಿದಾದ ಎಲೆಯಿದೆ, ಅದೂ ಕೊಂಬೆಗಳ ಮೇಲೆಯೇ ಇರುತ್ತದೆ. ಆದರೆ ಅದರ ಎಲೆ ಗೇಣುದ್ದಕ್ಕಿಂತ ಬಹಳ ಮೀರುವುದಿಲ್ಲ, ನಡುನರ ಸ್ಪಷ್ಟ, ಬೆನ್ನಿನ ಮೇಲೆ ಕುಂಕುಮದ ಬೊಟ್ಟುಗಳಂತೆ ದುಂಡಗಿನ ಗುಪ್ಪೆಗಳ ಸಾಲಿದೆ. ಬೊಟ್ಟು ಕಂಡರೆ ಲೆಪಿಸೋರಸ್, ಅಂಚಿನಲ್ಲಿ ಗೆರೆ ಕಂಡರೆ ಲಾಡಿ ಜರಿ. ಇಷ್ಟು ನೆನಪಿಟ್ಟರೆ ಸಾಕು.

ಮಳೆ ಹಿಡಿಯುವ ಮುಂಚೆ ನಡೆಯುವ ಮರಗಸಿಯ ದಿನಗಳಲ್ಲಿ ಇದನ್ನು ನೋಡುವುದು ಸುಲಭ, ನೋಡಿ ಸಂತೋಷಪಡುವುದು ಕಷ್ಟ. ಕಾಫಿಗೆ ಬೆಳಕು ಬಿಡಲು ಕಡಿದುಹಾಕಿದ ಅತ್ತಿ, ಹಲಸು, ಬಸರಿಯ ಕೊಂಬೆಗಳ ಜೊತೆಗೆ ಈ ಲಾಡಿಗಳೂ ನೆಲಕ್ಕೆ ಬಂದು ವಾರದೊಳಗೆ ಸುರುಟಿಹೋಗುತ್ತವೆ. ಮರಗಸಿ ಬೇಡವೆಂದು ಹೇಳುವಷ್ಟು ಅರಿವುಗೇಡಿ ನಾನಲ್ಲ. ನೆರಳು ಹೆಚ್ಚಾದರೆ ಕಾಫಿ ಕಚ್ಚುವುದಿಲ್ಲವೆಂಬುದು ಇಲ್ಲಿರುವ ಬೆಳೆಗಾರರಿಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಆತಂಕವಿರುವುದು ಹಳೆಯ ಕಾಡುಮರವನ್ನು ಬುಡಸಮೇತ ತೆಗೆದು ಆ ಜಾಗದಲ್ಲಿ ಸಿಲ್ವರ್ ಓಕ್ ನೆಡುವುದರಲ್ಲಿ. ಆಸ್ಟ್ರೇಲಿಯಾದಿಂದ ಬಂದ ಆ ಮರ ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯದು, ಕಡಿದು ಮಾರುವುದಕ್ಕೂ ಸಲೀಸು. ಇಷ್ಟು ವರ್ಷಗಳ ಓಡಾಟದಲ್ಲಿ ಸಿಲ್ವರ್ ಓಕ್ ಮೇಲೆ ಲಾಡಿ ಜರಿಯನ್ನು ನಾನು ಒಮ್ಮೆಯೂ ಕಂಡಿಲ್ಲ. ಅಗಲವಾಗಿ ಚಾಚಿದ, ಪಾಚಿ ಹಿಡಿದ, ಕಸ ನಿಲ್ಲುವ ಕವಲುಗಳು ಅದರಲ್ಲಿ ಎಲ್ಲಿವೆ?

ಉಪನ್ಯಾಸದ ಕೊನೆಯಲ್ಲಿ ಹಿರಿಯ ಬೆಳೆಗಾರರೊಬ್ಬರು ಎದ್ದು, “ಮೇಷ್ಟ್ರೇ, ಕಡಿದ ಕೊಂಬೆಯಲ್ಲಿರೋದನ್ನ ಇನ್ನೊಂದು ಮರಕ್ಕೆ ಕಟ್ಟಿದರೆ ಹಿಡಿಯುತ್ತಾ?” ಎಂದು ಕೇಳಿದರು. ಹಿಡಿಯುತ್ತದೆ, ಆದರೆ ಎಲೆಯನ್ನು ಹಿಡಿದು ಕಿತ್ತರೆ ಸಾಯುತ್ತದೆ. ಬೇರಿನ ಸ್ಪಂಜು ಹರಿಯದಂತೆ ತೊಗಟೆಯ ಚಕ್ಕೆಯೊಂದಿಗೇ ಕೆತ್ತಿ ತೆಗೆಯಬೇಕು. ಒರಟು ತೊಗಟೆಯ ಮರದಲ್ಲಿ, ಮಧ್ಯಾಹ್ನದ ಬಿಸಿಲು ಬೀಳದ ಮಗ್ಗುಲಿಗೆ, ಆಳೆತ್ತರದಲ್ಲಿ ಬಾಳೆನಾರಿನಿಂದ ಬಿಗಿಯಬೇಕು. ಪ್ಲಾಸ್ಟಿಕ್ ದಾರವಾದರೆ ಮುಂದೆ ಬಿಚ್ಚಲು ನೆನಪಿರಬೇಕು, ನಾರಾದರೆ ತಾನೇ ಕೊಳೆತು ಉದುರುತ್ತದೆ. ಮೊದಲ ಮಳೆ ಬಿದ್ದ ವಾರವೇ ಇದಕ್ಕೆ ತಕ್ಕ ಸಮಯ. ನಾಲ್ಕು ವರ್ಷದ ಹಿಂದೆ ನಾನು ಹೀಗೆ ಮನೆಯ ಹಿಂದಿನ ಹಲಸಿಗೆ ಮೂರು ತುಂಡುಗಳನ್ನು ಕಟ್ಟಿದ್ದೆ. ಎರಡು ಮೊದಲ ಬೇಸಿಗೆಯಲ್ಲೇ ಹೋದವು. ಉಳಿದ ಒಂದರಲ್ಲಿ ಮೊದಲ ವರ್ಷ ಹೊಸ ಎಲೆಯೇ ಬರಲಿಲ್ಲ, ಎರಡನೆಯ ಮಳೆಗಾಲದಲ್ಲಿ ಬೆರಳುದ್ದದ ಮೂರು ಎಲೆಗಳು ಬಂದವು. ನಿಮ್ಮ ಕೈಯಲ್ಲಿ ಓಡಾಡಿ ಬಂದ 92 ಸೆಂಟಿಮೀಟರಿನ ಎಲೆ ಆ ಗಿಡದ್ದೇ.